ನೆಲ ಡೊಂಕು

ಮಾರ್ಚ್ 3, ಸೋಮವಾರ

ಮೂವತ್ತೆಂಟು ಮಹಡಿಯ ಕಟ್ಟಡ ಇವತ್ತು ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ಕುಸಿದು ಬಿತ್ತು. ಒಂದು ಕಂಬವೂ ಉಳಿಯಲಿಲ್ಲ.

ಸುಳ್ಳು. ಏನೂ ಬಿದ್ದಿಲ್ಲ. ಬೀಳಬೇಕಾದರೆ ಮೊದಲು ಕಟ್ಟಿರಬೇಕು. ಅಲ್ಲಿ ಇನ್ನೂ ತಳಪಾಯದ ಕೆಲಸ ನಡೆಯುತ್ತಿದೆ. ಆಫೀಸಿನ ಮೀಟಿಂಗ್ ರೂಮಿನಲ್ಲಿ ಅದರ ರಟ್ಟಿನ ಮಾದರಿ ಇದೆ, ನನ್ನ ಎದೆಮಟ್ಟದ್ದು. ನಾನು ಮಾಡಿದ್ದು ಇಷ್ಟೇ: ಟೀ ತರುವ ತಟ್ಟೆಯನ್ನು ನೆಲಕ್ಕೆ ಬಿಟ್ಟು, "ಟವರ್ ಬಿತ್ತು, ಟವರ್ ಬಿತ್ತು" ಎಂದು ಕೂಗಿದ್ದು. ಇಡೀ ಆಫೀಸು ಓಡಿ ಬಂತು. ಎಲ್ಲರಿಗಿಂತ ಮುಂದೆ ನನ್ನ ತಂಗಿ, ಒಂದೇ ಕಾಲಿಗೆ ಚಪ್ಪಲಿ.

ಮಾದರಿ ನೆಟ್ಟಗೆ ನಿಂತಿತ್ತು. ತಟ್ಟೆ ಇನ್ನೂ ಗಿರಗಿರ ತಿರುಗುತ್ತಿತ್ತು.

"ಅಣ್ಣ, ನಿಂಗೆ ಅರವತ್ತೇಳಾ, ಏಳಾ?" ಎಂದಳು.

"ಅರವತ್ತು ಉದುರಿಹೋಯ್ತು ಕಣೆ. ಏಳು ಉಳ್ಕೊಂಡಿದೆ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ನಗುತ್ತಲೇ ಮಾದರಿಯ ತುದಿಯ ಧೂಳನ್ನು ಅಂಗೈಯಿಂದ ಒರೆಸಿದಳು, ಮಗುವಿನ ತಲೆ ಸವರುವ ಹಾಗೆ. ಅಲ್ಲಿಗೆ ನನ್ನ ನಗು ನಿಂತಿತು.

ಯಾಕೆಂದರೆ ಕಟ್ಟಡ ಅವಳದು. ಅಡಿಯಿಂದ ಮುಡಿಯವರೆಗೆ ಉಕ್ಕಿನ ಕಂಬ, ಉಕ್ಕಿನ ತೊಲೆ. ಎಲ್ಲದಕ್ಕೂ ಮುಖ್ಯ ವಿನ್ಯಾಸಕಿ ಅವಳು. ನಾನು ನಲವತ್ತೆರಡು ವರ್ಷ ಕಾಂಕ್ರೀಟಿನ ಲೆಕ್ಕ ಹಾಕಿ ನಿವೃತ್ತನಾದ ಮೇಲೆ, ಹಳೇ ತಲೆ ಒಂದಿರಲಿ ಎಂದು ವಾಪಸ್ ಕರೆದು ಕೂರಿಸಿದ ಪರಿಶೀಲಕ. ಅವಳು ಬರೆದದ್ದರ ಮೇಲೆ ಕೆಂಪು ಪೆನ್ಸಿಲಿನಿಂದ ಸರಿ ಹಾಕುವವನು. ನಾನು ನಿಲ್ಲಿಸಿದ್ದರಲ್ಲಿ ಅತಿ ಎತ್ತರದ್ದು ಹದಿನಾಲ್ಕು ಮಹಡಿ. ಅದರ ತಾರಸಿಯ ಮೇಲೆ ಹತ್ತಿ ನಿಂತರೂ ಅವಳದರ ಸೊಂಟ ಸಿಗುವುದಿಲ್ಲ.

ಮಾರ್ಚ್ 5, ಬುಧವಾರ

ಚಿಕ್ಕಂದಿನಲ್ಲಿ ಅವಳು ತೆಳ್ಳಗಿದ್ದಳು. 'ಕಡ್ಡಿ' ಎಂದು ಹೆಸರಿಟ್ಟವನು ನಾನೇ. ಮಾತೂ ಕಡ್ಡಿ ಮುರಿದ ಹಾಗಿತ್ತು, ಹೆಸರು ಅಂಟಿಕೊಂಡಿತು. ಈಗ ಐವತ್ತೊಂಬತ್ತು. ಕಡ್ಡಿಯನ್ನು ಗುಡ್ಡ ಮಾಡಬೇಡ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಕಡ್ಡಿಯೇ ಗುಡ್ಡ ಮಾಡುತ್ತಿದ್ದಾಳೆ.

ಆಫೀಸಿನ ಯಜಮಾನರನ್ನು ನಾವು ದೊಡ್ಡವರು ಎನ್ನುತ್ತೇವೆ, ನನಗಿಂತ ಹದಿನೈದು ವರ್ಷ ಚಿಕ್ಕವರು. ಅವರು ಇವತ್ತು ಕಟ್ಟಡದ ಮಾಲೀಕರನ್ನು ಕರೆತಂದಿದ್ದರು. ಕಡ್ಡಿ ನಿಂತು ವಿವರಿಸಿದಳು. ಉಕ್ಕಾದರೆ ಕಂಬ ಸಣ್ಣದು, ನಡುವೆ ಹನ್ನೆರಡು ಮೀಟರ್ ಬಯಲು ಸಿಗುತ್ತದೆ. ಕಟ್ಟಡ ಹಗುರ, ತಳಪಾಯವೂ ಹಗುರ. ಕಂಬಗಳನ್ನು ವರ್ಕ್‌ಶಾಪಿನಲ್ಲಿ ಕತ್ತರಿಸಿ ತರುತ್ತಾರೆ, ಇಲ್ಲಿ ನಿಲ್ಲಿಸಿ ಬೋಲ್ಟು ಬಿಗಿಯುತ್ತಾರೆ. ವಾರಕ್ಕೊಂದು ಮಹಡಿ ಏಳುತ್ತದೆ. ಗಾಳಿಗೆ ಸ್ವಲ್ಪ ತೂಗುತ್ತದೆ, ತೂಗಬೇಕು, ಎಷ್ಟು ಎಂದು ಲೆಕ್ಕ ಇದೆ.

ಮಾಲೀಕರು ಬಾಯಿ ತೆರೆದು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಇವರು?" ಎಂದರು.

"ನಮ್ಮಣ್ಣ. ನಂಗೆ ಸ್ಕೇಲ್ ಹಿಡಿಯೋಕೆ ಕಲಿಸಿದ್ದು ಇವರೇ," ಎಂದಳು.

ಅಷ್ಟೆ. ನಲವತ್ತೆರಡು ವರ್ಷದ ಕೆಲಸ ಒಂದು ಸ್ಕೇಲಿಗೆ ಬಂದು ನಿಂತಿತು.

ಉಕ್ಕಿಗೆ ಬೆಂಕಿ ತಗುಲಿದರೆ ಮೆತ್ತಗಾಗುತ್ತದೆ. ಅದಕ್ಕೆ ಮೈಗೆಲ್ಲ ಲೇಪ ಬಳಿಯುತ್ತಾರೆ, ಎರಡು ಗಂಟೆ ತಡೆಯುತ್ತದಂತೆ. ಹೊಟ್ಟೆಕಿಚ್ಚಿಗೆ ಲೇಪ ಯಾರೂ ಕಂಡುಹಿಡಿದಿಲ್ಲ. ಟೀ ಕುಡಿದು ನೋಡಿದೆ. ಎರಡು ನಿಮಿಷ ತಡೆಯಿತು.

ಮಾರ್ಚ್ 7, ಶುಕ್ರವಾರ

ಡ್ರಾಯಿಂಗನ್ನು ಕಾಗದದ ಮೇಲೆ ನೋಡುವವನು ಆಫೀಸಿನಲ್ಲಿ ನಾನೊಬ್ಬನೇ. ನನಗಾಗಿಯೇ ಮುದ್ರಿಸಿ, ಸುರುಳಿ ಸುತ್ತಿ, ಹಸಿರು ದಾರ ಕಟ್ಟಿ ಅವಳೇ ತಂದಿಡುತ್ತಾಳೆ. ಗಂಟು ಅವಳದೇ: ಚಿಟ್ಟೆಯ ಹಾಗೆ ಎರಡು ರೆಕ್ಕೆ, ನಡುವೆ ಇನ್ನೊಂದು ಪುಟ್ಟ ಗಂಟು. ಶಾಲೆಗೆ ಹೋಗುವಾಗ ಜಡೆಗೆ ಹಾಕಿಕೊಳ್ಳುತ್ತಿದ್ದುದು.

"ಅಣ್ಣ, ಇದು ಡಿ. ನಾಲ್ಕನೇ ಸಲ ಬದಲಾಯಿಸಿದ್ದು. ಇದನ್ನ ನೋಡ್ಬಿಟ್ಟು ಗೋಡೆ ಎಷ್ಟು ಕುಗ್ಗುತ್ತೆ ಅಂತ ಪಟ್ಟಿ ಮಾಡ್ಕೊಡು. ನನ್ನ ಕಂಬದ ಉದ್ದ ಅದರ ಮೇಲೆ ನಿಂತಿದೆ."

"ಎ ಆಯ್ತು, ಬಿ ಆಯ್ತು, ಸಿ ಆಯ್ತು. ಅಕ್ಷರ ಮುಗಿದ್ಮೇಲೆ ಏನ್ಮಾಡ್ತೀಯ?"

"ನೀನು ಬೇಗ ನೋಡಿದ್ರೆ ಡಿಗೇ ಮುಗಿಯುತ್ತೆ."

ಕಟ್ಟಡದ ನಟ್ಟನಡುವೆ, ಲಿಫ್ಟು ಮೆಟ್ಟಿಲುಗಳ ಸುತ್ತ, ಕಾಂಕ್ರೀಟಿನ ದಪ್ಪ ಗೋಡೆ ಇದೆ. ಅದೊಂದೇ ನನ್ನ ಜಾತಿಯದು. ಹೊರಗಿನ ಅಂಚಿಗೆಲ್ಲ ಅವಳ ಉಕ್ಕಿನ ಕಂಬಗಳು. ಎರಡೂ ಹೊರೆಗೆ ಕುಗ್ಗುತ್ತವೆ, ಆದರೆ ಸ್ವಭಾವ ಬೇರೆ. ಉಕ್ಕು ಹೊರೆ ಬಿದ್ದ ಕೂಡಲೇ ಎಷ್ಟು ಕುಗ್ಗಬೇಕೋ ಅಷ್ಟು ಕುಗ್ಗಿ ಸುಮ್ಮನಾಗುತ್ತದೆ. ಕಾಂಕ್ರೀಟು ವರ್ಷಗಟ್ಟಲೆ ಒಳಗೊಳಗೇ ಕುಗ್ಗುತ್ತಲೇ ಇರುತ್ತದೆ. ಕಡ್ಡಿ ಉಕ್ಕಿನ ಹಾಗೆ: ಬೈದರೆ ಆಗಲೇ ಅತ್ತು ಮುಗಿಸುವವಳು. ನಾನು ಕಾಂಕ್ರೀಟಿನ ಹಾಗೆ.

ಕಂಬ ಗೋಡೆಗಿಂತ ಹೆಚ್ಚು ಕುಗ್ಗಿದರೆ ಹೊರಗಿನ ಅಂಚು ತಗ್ಗಿ ನೆಲ ಡೊಂಕಾಗುತ್ತದೆ. ಅದಕ್ಕೆ ಕಂಬದ ಪ್ರತಿ ತುಂಡನ್ನೂ ಒಂದಿಷ್ಟು ಮಿಲಿಮೀಟರ್ ಉದ್ದವಾಗಿ ಕತ್ತರಿಸುತ್ತಾರೆ. ಎಷ್ಟು ಉದ್ದ ಎಂಬುದು ನನ್ನ ಗೋಡೆ ಹೇಳಬೇಕು.

ಸುರುಳಿಯನ್ನು ಮೇಜಿನ ಕೆಳಗಿಟ್ಟೆ.

ಮಾರ್ಚ್ 11, ಮಂಗಳವಾರ

ಡಿ ನೋಡಿದೆ. ಹೊಸದೇನೂ ಇಲ್ಲ. ಪಟ್ಟಿ ಮಾಡಿ ಕೊಟ್ಟೆ.

ಮೇಜಿನ ಕೆಳಗೆ ಕಾಲಿಡಲು ಹದವಾದ ಎತ್ತರದ್ದೊಂದು ಸಿಕ್ಕಿದೆ. ಮಂಡಿನೋವು ಕಡಿಮೆ.

ಮಾರ್ಚ್ 14, ಶುಕ್ರವಾರ

ಸಂಜೆ ಕಡ್ಡಿ ಮನೆಗೆ ಬಂದಿದ್ದಳು. ನನ್ನ ಹೆಂಡತಿಗೆ ನಾದಿನಿ ಎಂದರೆ ಪ್ರಾಣ. ಮೂವತ್ತೆಂಟನೇ ಮಹಡಿಯಿಂದ ಏನೇನು ಕಾಣುತ್ತೆ ಎಂದು ಕೇಳಿದಳು, ಗಾಳಿ ಬಂದರೆ ಬಟ್ಟೆ ಒಣಗಿಸಬಹುದಾ ಎಂದು ಕೇಳಿದಳು. ನಾನು ಹದಿನಾಲ್ಕು ಮಹಡಿ ಕಟ್ಟಿದಾಗ ಇವಳು ಕೇಳಿದ್ದು ಒಂದೇ ಪ್ರಶ್ನೆ: "ಊಟಕ್ಕೆ ಎಷ್ಟು ಹೊತ್ತಿಗೆ ಬರ್ತೀರಾ?"

"ಅತ್ತಿಗೆ, ಕೆಲಸ ಮುಗಿದ ಮೇಲೆ ನಿಮ್ಮನ್ನೇ ಮೊದಲು ಮೇಲಕ್ಕೆ ಕರ್ಕೊಂಡು ಹೋಗ್ತೀನಿ," ಎಂದಳು ಕಡ್ಡಿ.

"ನನ್ನನ್ನ?" ಎಂದೆ.

"ನಿನ್ನನ್ನ ಅಲ್ಲಿ ಬಿಟ್ರೆ 'ಬಿತ್ತು ಬಿತ್ತು' ಅಂತ ಕೂಗ್ತೀಯ. ಜನ ನಿಜಕ್ಕೂ ಕೆಳಗೆ ಹಾರ್ತಾರೆ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ಹೊಟ್ಟೆ ಹಿಡಿದುಕೊಂಡೆ, ನನ್ನದು ಉರಿಗೆ.

ಜೇಬಿನ ಗೋಲಿ ತೆಗೆದು ನೆಲದ ಮೇಲಿಟ್ಟೆ. ಯಾವ ನೆಲ ಕಂಡರೂ ಗೋಲಿ ಬಿಟ್ಟು ನೋಡುವುದು ನನ್ನ ಹಳೇ ಚಟ. ಹಸಿರು ಗಾಜಿನದು, ಒಳಗೊಂದು ಬಿಳಿ ಎಳೆ. ಹುಡುಗರಾಗಿದ್ದಾಗ ನಮ್ಮ ಜಗಲಿ ಎಡಕ್ಕೆ ಇಳಿಜಾರಿತ್ತು. ಅದು ಗೊತ್ತಿದ್ದವನು ನಾನೊಬ್ಬನೇ, ಹಾಗಾಗಿ ಯಾವಾಗಲೂ ಎಡಕ್ಕೇ ನಿಲ್ಲುತ್ತಿದ್ದೆ. ಅವಳ ಗೋಲಿಗಳೆಲ್ಲ ತಾವಾಗಿಯೇ ನನ್ನ ಪಾಲಾಗುತ್ತಿದ್ದವು.

ಕಡ್ಡಿ ಗೋಲಿಯನ್ನು ನೋಡಿದಳು. "ಇದು ನಂದಲ್ವಾ?"

"ಅಂಗಡಿಯಲ್ಲಿ ತಗೊಂಡಿದ್ದು," ಎಂದೆ.

ಮಾರ್ಚ್ 18, ಮಂಗಳವಾರ

ಸಿಕ್ಕಿತು.

ಕಂಬಗಳ ಉದ್ದದ ಪಟ್ಟಿ ಪರಿಶೀಲನೆಗೆ ಬಂತು. ಎರಡು ಮಹಡಿಗೊಂದು ತುಂಡು, ಒಟ್ಟು ಹತ್ತೊಂಬತ್ತು ತುಂಡು ಒಂದರ ಮೇಲೊಂದು. ನನ್ನ ಪಟ್ಟಿಯ ಪ್ರಕಾರ ಒಂದೊಂದನ್ನೂ ನಾಲ್ಕು ಮಿಲಿಮೀಟರ್ ಉದ್ದ ಕತ್ತರಿಸಬೇಕು. ಅವಳು ಎರಡೇ ಹಾಕಿದ್ದಾಳೆ. ತುಂಡಿಗೆ ಎರಡು ಕಮ್ಮಿ, ಹತ್ತೊಂಬತ್ತು ತುಂಡಿಗೆ ಮೂವತ್ತೆಂಟು. ಮೂವತ್ತೆಂಟು ಮಹಡಿಗೆ ಮೂವತ್ತೆಂಟು ಮಿಲಿಮೀಟರ್. ತುದಿಯಲ್ಲಿ ಗೋಲಿ ಇಟ್ಟರೆ ನೇರ ಕಿಟಕಿಗೆ ಓಡುತ್ತದೆ.

ಮೂರು ಸಲ ಕೂಡಿಸಿದೆ. ಮೂರು ಸಲವೂ ಅಷ್ಟೇ ಬಂತು. ಶಿಳ್ಳೆ ಹಾಕಿಕೊಂಡು ಕೈ ತೊಳೆಯಲು ಹೋದೆ. ವಾಪಸ್ ಬರುವಾಗ ಅವಳ ಮೇಜಿನ ಮುಂದೆಯೇ ಬಂದೆ, ಹೇಳಲಿಲ್ಲ. ಪರಿಶೀಲಕ ತಪ್ಪು ಕಂಡರೆ ಮೊದಲು ಬರೆದವರಿಗೆ ಹೇಳಬೇಕು. ನಮ್ಮ ಕಸುಬಿನ ಮರ್ಯಾದೆ ಅದು. ಕಡ್ಡಿಗೆ ಅದನ್ನು ಕಲಿಸಿದವನೂ ನಾನೇ.

ಮಾರ್ಚ್ 19, ಬುಧವಾರ

ದೊಡ್ಡವರ ಕೋಣೆಗೇ ಹೋದೆ.

"ಸರ್, ನೆಲ ಡೊಂಕು ಬರುತ್ತೆ. ಮೂವತ್ತೆಂಟು ಮಿಲಿಮೀಟರ್."

ಅವರ ಮುಖ ಸುಣ್ಣವಾಯಿತು. "ತಮಾಷೆ ತಾನೇ?"

"ತಮಾಷೆಗೂ ಒಂದು ಅಳತೆ ಇದೆ ಸರ್."

ವರ್ಕ್‌ಶಾಪಿಗೆ ಫೋನ್ ಮಾಡಿ ಕತ್ತರಿಸುವುದನ್ನು ನಿಲ್ಲಿಸಿದರು. ಸೋಮವಾರ ಮೀಟಿಂಗು. ತಪ್ಪು ನಿಜವಾದರೆ ಕಡ್ಡಿಯನ್ನು ಈ ಕಟ್ಟಡದಿಂದ ತೆಗೆದು ಹೊರಗಿನ ಸಲಹೆಗಾರರೊಬ್ಬರಿಗೆ ಒಪ್ಪಿಸುತ್ತಾರಂತೆ. "ಕಂಬದ ಉದ್ದದಲ್ಲೇ ಎಡವೋರಿಗೆ ಇಷ್ಟು ಎತ್ತರ ಕೊಡೋಕಾಗಲ್ಲ," ಎಂದರು.

ನಾನು ತಲೆ ಆಡಿಸಿದೆ. ಹಿರಿಯರು ಆಡಿಸುವ ಹಾಗೆ, ದುಃಖದಿಂದ. ಕನ್ನಡಿ ಇದ್ದಿದ್ದರೆ ನೋಡಿಕೊಳ್ಳಬಹುದಿತ್ತು.

ಊಟ ಚೆನ್ನಾಗಿ ಸೇರಿತು.

ಮಾರ್ಚ್ 21, ಶುಕ್ರವಾರ

ಎರಡು ದಿನ ಅವಳು ನನ್ನ ಹತ್ತಿರ ಬರಲಿಲ್ಲ. ಇವತ್ತು ಬಂದಳು. ಸ್ಟೂಲ್ ಎಳೆದುಕೊಂಡು ಎದುರಿಗೆ ಕೂತಳು.

"ನಂಗೇ ಒಂದು ಮಾತು ಹೇಳ್ಬಹುದಿತ್ತಲ್ಲ ಅಣ್ಣ."

"ಮೀಟಿಂಗಲ್ಲಿ ಹೇಳ್ತೀನಿ."

"ಎರಡು ದಿನದಿಂದ ಕೂಡಿಸ್ತಾ ಇದೀನಿ. ನಂಗೆ ತಪ್ಪು ಸಿಗ್ತಿಲ್ಲ." ಕಣ್ಣು ಕೆಂಪಗಿತ್ತು. "ಕುಣಿಯೋಕೆ ಬರದೇ ಇರೋಳು ನೆಲ ಡೊಂಕು ಅಂದ್ಲಂತೆ. ನಿಂಗೆ ಕುಣಿಯೋಕೆ ಬರುತ್ತೆ. ನೀನು ಡೊಂಕು ಅಂದ್ರೆ ಎಲ್ಲೋ ಡೊಂಕಿರ್ಬೇಕು."

ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ನನ್ನ ಹತ್ತಿರ ಹತ್ತು ಜವಾಬು ರೆಡಿ ಇದ್ದವು. ಪೆನ್ಸಿಲು ಕೈಯಿಂದ ಜಾರಿ ಕೆಳಗೆ ಬಿತ್ತು. ಮಂಡಿ ಬಗ್ಗುವುದಿಲ್ಲ ಎಂದು ಅವಳೇ ಮೇಜಿನಡಿ ಬಗ್ಗಿದಳು. ಮೇಲೇಳಲು ಸ್ವಲ್ಪ ಹೊತ್ತು ಹಿಡಿಯಿತು. ಎದ್ದಾಗ ಮುಖ ಬೇರೆ ಥರ ಇತ್ತು.

ಪೆನ್ಸಿಲನ್ನು ನನ್ನ ಮುಂದೆ ನೇರವಾಗಿ ಇಟ್ಟಳು. "ಮೀಟಿಂಗಿಗೆ ಮುಂಚೆ ಒಂದ್ಸಲ ಡಿ ನೋಡ್ಕೋ ಅಣ್ಣ."

"ನೋಡಿದೀನಿ."

"ಇನ್ನೊಂದ್ಸಲ," ಎಂದು ಹೇಳಿ ಹೋದಳು.

ಮಾರ್ಚ್ 24, ಸೋಮವಾರ

ಏಳೂವರೆಗೇ ಆಫೀಸಿಗೆ ಹೋದೆ. ನಡುಗೋಡೆಯ ಚಿತ್ರಕ್ಕೆ ಕೆಂಪು ಗುರುತು ಹಾಕಿ ಎಲ್ಲರ ಮುಂದೆ ಹಿಡಿಯಬೇಕು ಎಂದು ಡಿ ಮತ್ತೆ ತೆಗೆದೆ.

ಗೋಡೆಯ ದಪ್ಪ 600 ಮಿಲಿಮೀಟರ್ ಎಂದಿದೆ. ನನ್ನ ಪಟ್ಟಿ ಮಾಡಿದ್ದು 900ಕ್ಕೆ.

900 ಇದ್ದದ್ದು ಸಿ ಡ್ರಾಯಿಂಗಿನವರೆಗೆ. ಆಮೇಲೆ ಅವಳು ಹೊರಗಿನ ಅಂಚಿಗೆ ಉಕ್ಕಿನ ಓರೆ ಪಟ್ಟಿಗಳನ್ನು ಹಾಕಿ ಗಾಳಿಯ ಹೊರೆಯಲ್ಲಿ ಒಂದು ಪಾಲನ್ನು ಅವಕ್ಕೆ ಹೊರಿಸಿದ್ದಾಳೆ. ಗೋಡೆಗೆ ಕೆಲಸ ಕಡಿಮೆಯಾಯಿತು, ತೆಳ್ಳಗಾಯಿತು. ತೆಳುಗೋಡೆ ಹೆಚ್ಚು ಕುಗ್ಗುತ್ತದೆ. ಗೋಡೆ ಹೆಚ್ಚು ಕುಗ್ಗಿದರೆ ಕಂಬಕ್ಕೂ ಗೋಡೆಗೂ ಅಂತರ ಕಡಿಮೆ. ನಾಲ್ಕು ಬೇಡ, ಎರಡೇ ಸಾಕು. ಅವಳ ಎರಡು ಸರಿ. ಓರೆ ಪಟ್ಟಿಗಳೂ ಸೊಗಸಾಗಿವೆ, ಒಂದೊಂದೂ ನಾಲ್ಕು ಮಹಡಿ ದಾಟಿ ಹೋಗುತ್ತದೆ. ಇಂಥದ್ದು ನನಗೆ ಹೊಳೆಯುತ್ತಿರಲಿಲ್ಲ.

ಅಂದರೆ ನಾನು ಕೊಟ್ಟ ಪಟ್ಟಿ ತಪ್ಪೆಂದು ಅವಳಿಗೆ ಗೊತ್ತಾಗಿದೆ, ತಾನೇ ಕೂತು ಮತ್ತೆ ಲೆಕ್ಕ ಹಾಕಿದ್ದಾಳೆ. ಕಂಬದ ಪಟ್ಟಿಯನ್ನು ಮತ್ತೆ ತೆಗೆದೆ. ತಳದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿದೆ, ಮೊದಲು ನೋಡಿರಲಿಲ್ಲ: 'ಗೋಡೆಯ ಕುಗ್ಗುವಿಕೆಯ ಲೆಕ್ಕ: ಹಿರಿಯ ಪರಿಶೀಲಕರು.' ನಾನು ಮಾಡದ ಲೆಕ್ಕಕ್ಕೆ ನನ್ನ ಹೆಸರು. ಒಳ್ಳೆಯತನದಲ್ಲೂ ನನಗಿಂತ ಮುಂದೆ. ಅದಕ್ಕೂ ಹೊಟ್ಟೆ ಉರಿಯಿತು, ಆದರೆ ಈ ಸಲದ ಉರಿ ಸ್ವಲ್ಪ ಮೇಲೆ, ಎದೆಯ ಹತ್ತಿರ.

ಡಿಯ 600 ಮರೆತುಹೋಗಿತ್ತು. ವಯಸ್ಸು.

ಮೀಟಿಂಗಿಗೆ ದೊಡ್ಡವರು, ಕಡ್ಡಿ, ನಾನು, ವರ್ಕ್‌ಶಾಪಿನ ಮುಖ್ಯಸ್ಥ. ಈ ಮನುಷ್ಯ ಕಬ್ಬಿಣ ತಿಂದು ಬೆಳೆದವನ ಹಾಗಿದ್ದಾನೆ, ಕುರ್ಚಿ ಕಿರುಗುಟ್ಟುತ್ತದೆ.

"ತೋರಿಸಿ ಸರ್, ಎಲ್ಲಿ ಡೊಂಕು?" ಎಂದರು ದೊಡ್ಡವರು.

"ಡೊಂಕಿಲ್ಲ," ಎಂದೆ.

"ಅಂದ್ರೆ?"

"ಸುಮ್ನೆ ಅಂದೆ. ತಮಾಷೆ."

ಯಾರೂ ನಗಲಿಲ್ಲ. ನಲವತ್ತೆರಡು ವರ್ಷದಲ್ಲಿ ನನ್ನ ತಮಾಷೆಗೆ ಯಾರೂ ನಗದೇ ಇದ್ದದ್ದು ಇದೇ ಮೊದಲು.

"ನನ್ನ ಮಷೀನು ಐದು ದಿನದಿಂದ ಬಾಯಿ ಕಳ್ಕೊಂಡು ನಿಂತಿದೆ," ಎಂದ ವರ್ಕ್‌ಶಾಪಿನವನು. "ಇವ್ರ ತಮಾಷೆಗೆ."

ದೊಡ್ಡವರು ಪೆನ್ನಿನ ಮುಚ್ಚಳ ಹಾಕಿದರು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ಆಗ ಕಡ್ಡಿ ಬಾಯಿ ಬಿಟ್ಟಳು.

"ನಾನೇ ಹೇಳಿದ್ದೆ ಸರ್."

"ಏನು ಹೇಳಿದ್ರಿ ಮೇಡಂ?"

"ಲೆಕ್ಕ ತಪ್ಪು ಅಂತ ಗಟ್ಟಿಯಾಗಿ ವಾದ ಮಾಡು, ನಿಲ್ಲುತ್ತಾ ನೋಡೋಣ ಅಂತ. ಅಣ್ಣ ಸ್ವಲ್ಪ ಜಾಸ್ತಿ ಗಟ್ಟಿಯಾಗಿ ಮಾಡಿದ. ತಪ್ಪು ನಂದು."

ಕಣ್ಣು ರೆಪ್ಪೆ ಬಡಿಯಲಿಲ್ಲ. ನಾನು ಆರು ದಶಕ ಸುಳ್ಳು ಹೇಳಿದವನು, ಇಷ್ಟು ನಯವಾಗಿ ಒಂದೂ ಬಂದಿಲ್ಲ. ಸುಳ್ಳಿನಲ್ಲೂ ಮುಂದೆ.

ಮಾರ್ಚ್ 25, ಮಂಗಳವಾರ

ದೊಡ್ಡವರು ಕಡ್ಡಿಯನ್ನು ಒಳಗೆ ಕರೆದರು. ಅವರ ಕೋಣೆಯ ಗೋಡೆ ತೆಳು, ನಾನೇ ಲೆಕ್ಕ ಹಾಕಿ ಹಾಕಿಸಿದ್ದು.

"ಹಿರಿಯರು ಆಟ ಆಡ್ತಾರೆ, ಅವರ ಸ್ವಭಾವ. ನೀವು ಆಡಿದ್ರೆ ಹೇಗೆ? ಮಾಲೀಕರಿಗೆ ನಾನೇನು ಹೇಳ್ಲಿ? ಗುರುವಾರ ಆ ಸಲಹೆಗಾರರು ಬರ್ತಾರೆ. ಫೈಲೆಲ್ಲ ಕೊಟ್ಬಿಡಿ."

"ಆಯ್ತು ಸರ್," ಎಂದಿತು ಅವಳ ಧ್ವನಿ. ಅಷ್ಟೆ. ಕಡ್ಡಿ ಮುರಿದ ಹಾಗೆ.

ನಾನು ಬಯಸಿದ್ದು ಇದೇ. ಕೈಗೆ ಬಂದಿದೆ. ಹೇಗಿದೆ ಎಂದು ನೋಡೋಣ ಎಂದು ಕೂತೆ. ಚೆನ್ನಾಗಿಲ್ಲ.

ಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿದೆ, ಮರೆವು ಎಂದೇ ಹೇಳಿದೆ. ಅವಳು ತರಕಾರಿ ಹೆಚ್ಚುತ್ತಿದ್ದಳು, ನಿಲ್ಲಿಸಲಿಲ್ಲ.

"ರೀ, ಮದುವೆಯಾದ ಹೊಸದರಲ್ಲಿ ನೀವು ಹಾವು ಅಂತ ಕೂಗಿ ನನ್ನನ್ನ ಮಂಚ ಹತ್ತಿಸಿದ್ರಿ. ಜ್ಞಾಪಕ ಇದೆಯಾ?"

"ಇದೆ."

"ಹಗ್ಗದ ಹಾವಿಗೆ ನಾನು ಹೆದರಿದೆ, ಆಮೇಲೆ ನಕ್ಕೆ. ನಿಜವಾದ ಹಾವು ಬಿಟ್ಟು ಹಗ್ಗ ಅಂದಿದ್ರೆ ನಗ್ತಿರ್ಲಿಲ್ಲ." ಚಾಕು ತೊಳೆದಿಟ್ಟಳು. "ನಾಳೆ ಬೇಗ ಹೋಗಿ. ನಿಮ್ಮ ದೊಡ್ಡವರು ಒಂಬತ್ತಕ್ಕೇ ಬರ್ತಾರಲ್ವಾ?"

ಮಾರ್ಚ್ 26, ಬುಧವಾರ

ಹೋದೆ. ಎಂಟೂ ಐವತ್ತಕ್ಕೆ ದೊಡ್ಡವರ ಬಾಗಿಲ ಮುಂದೆ ನಿಂತಿದ್ದೆ, ಹೋಂವರ್ಕ್ ಮಾಡದ ಹುಡುಗನ ಹಾಗೆ.

"ಸರ್, ಅವತ್ತಿಂದು ತಮಾಷೆ ಅಲ್ಲ. ನನ್ನ ತಂಗಿ ನಂಗೇನೂ ಹೇಳಿರ್ಲಿಲ್ಲ. ಹಳೇ ಡ್ರಾಯಿಂಗ್ ಮೇಲೆ ಲೆಕ್ಕ ಹಾಕಿದೆ, ಅವಳು ಸರಿ ಮಾಡಿದ್ದನ್ನ ತಪ್ಪು ಅಂದೆ. ಅವಳನ್ನ ಕೇಳದೆ ನೇರ ನಿಮ್ಮ ಹತ್ರ ಬಂದೆ."

"ಈಗ ಹೇಳ್ತಿರೋದು ತಮಾಷೆನಾ, ಅದಾ?"

ಇಷ್ಟು ದಿನದ ಬೆಳೆ ಕೊಯ್ಲಿಗೆ ಬಂತು. ತೋಳ ಬಂತು ಎಂದು ಕೂಗಿದವನ ಕಥೆ ಎಲ್ಲರಿಗೂ ಗೊತ್ತು. ತೋಳ ನಾನೇ ಎಂದು ಅವನು ಬಂದು ನಿಂತರೂ ಯಾರೂ ನಂಬುವುದಿಲ್ಲ ಎಂಬುದು ಗೊತ್ತಿರಲಿಲ್ಲ. ಪರಿಶೀಲನೆಯ ಪುಸ್ತಕವನ್ನು ಕೇಳಿ ತೆಗೆಸಿದೆ. ಅದರಲ್ಲಿ ಒಮ್ಮೆ ಬರೆದು ಸಹಿ ಹಾಕಿದರೆ ಅಳಿಸುವ ಹಾಗಿಲ್ಲ. ನನ್ನ ನಲವತ್ತೆರಡು ವರ್ಷದ ಹಾಳೆಗಳಲ್ಲಿ 'ಪರಿಶೀಲಕನ ತಪ್ಪು' ಎಂಬ ಸಾಲು ಒಂದೂ ಇರಲಿಲ್ಲ. ಅವರ ಕಣ್ಣೆದುರೇ ಬರೆದೆ: ಗೋಡೆ 900 ಎಂದು ಲೆಕ್ಕ ಹಾಕಿದ್ದು ತಪ್ಪು. ಕಂಬದ ಉದ್ದ ಸರಿ ಇದೆ. ಲೆಕ್ಕ ತಿದ್ದಿದವರು ಮುಖ್ಯ ವಿನ್ಯಾಸಕಿ. ಸಹಿ.

ದೊಡ್ಡವರು ಎರಡು ಸಲ ಓದಿದರು. ಸಲಹೆಗಾರರಿಗೆ ಫೋನ್ ಮಾಡಿ ಬರುವುದು ಬೇಡ ಎಂದರು. ವರ್ಕ್‌ಶಾಪಿಗೆ ಕತ್ತರಿಸಲು ಹೇಳಿದರು. ಆಮೇಲೆ ನನಗೆ, ಮೆಲ್ಲಗೆ, "ಇನ್ಮೇಲೆ ಈ ಟವರಿನ ಪರಿಶೀಲನೆ ಬೇರೆಯವರು ಮಾಡ್ಲಿ ಸರ್. ನೀವು ವಿಶ್ರಾಂತಿ ತಗೊಳ್ಳಿ," ಎಂದರು.

ವಿಶ್ರಾಂತಿ ಎಂಬ ಶಬ್ದವನ್ನು ಎಷ್ಟು ನಯವಾಗಿ ಕಡೆದಿದ್ದಾರೆ. ಎಲ್ಲೂ ಚುಚ್ಚುವುದಿಲ್ಲ, ಆದರೆ ಬಾಗಿಲ ಹೊರಗೆ ಹೋಗಿ ಬೀಳುತ್ತೀರಿ.

ಮೇಜು ಖಾಲಿ ಮಾಡಿದೆ. ಹೆಚ್ಚೇನಿಲ್ಲ: ಪೆನ್ಸಿಲುಗಳು, ಗೋಲಿ, ಒಂದು ಹಸಿರು ದಾರ. ಕಡ್ಡಿ ಎಲ್ಲೂ ಕಾಣಲಿಲ್ಲ. ಕೆಳಗೆ ಬಂದರೆ ಗೇಟಿನ ಹತ್ತಿರ ನಿಂತಿದ್ದಳು, ನನ್ನ ಚೀಲ ಕಸಿದುಕೊಂಡಳು. ಬಸ್ಸು ಬಂದಾಗ, "ಪುಸ್ತಕದಲ್ಲಿ ಬರೆಯೋ ಅಗತ್ಯ ಇರ್ಲಿಲ್ಲ," ಎಂದಳು.

"ನಿಂಗೂ ಸುಳ್ಳು ಹೇಳೋ ಅಗತ್ಯ ಇರ್ಲಿಲ್ಲ. ಅದು ನನ್ನ ಇಲಾಖೆ."

ಜೂನ್ 30, ಸೋಮವಾರ

ಮನೆಯಲ್ಲಿದ್ದೇನೆ. ಬಾಗಿಲಿನ ಬಿಜಾಗರಿ ಸರಿ ಮಾಡಿದೆ. ಪಕ್ಕದ ಮನೆಯವರ ಕಾಲಿಂಗ್ ಬೆಲ್ ಒತ್ತಿ ಓಡಿ ಬಂದೆ, ಮಂಡಿ ನೋಯಿತು.

ಮೊದಲ ಕಂಬ ಇವತ್ತು ನಿಂತಿತಂತೆ. ಫೋನ್ ಮಾಡಿದ್ದಳು. ಎಷ್ಟು ಗಂಟೆಗೆ, ಯಾವ ಮೂಲೆಯದು, ಕ್ರೇನು ಎಷ್ಟು ಹೊತ್ತು ಹಿಡಿಯಿತು, ತುದಿಯ ಬೋಲ್ಟುಗಳು ಸಲೀಸಾಗಿ ಕೂತವೋ ಇಲ್ಲವೋ, ಎಲ್ಲ ಕೇಳಿದೆ. ಒಂದು ಬೋಲ್ಟು ಸ್ವಲ್ಪ ಸತಾಯಿಸಿತಂತೆ. ರಂಧ್ರಕ್ಕೆ ಬಣ್ಣ ಮೆತ್ತಿರಬಹುದು, ಕೆರೆಸಿ ನೋಡಿ ಎಂದೆ. ಅದೇ ಆಗಿತ್ತಂತೆ. ಹೆಂಡತಿ ಫೋನಿಗಾಗಿ ಕೈ ಚಾಚಿಕೊಂಡು ನಿಂತಿದ್ದಳು, ನಾನು ಕೊಡಲಿಲ್ಲ.

ಸೆಪ್ಟೆಂಬರ್ 13, ಶನಿವಾರ

ನಮ್ಮ ಕಟ್ಟಡ ನೋಡಿ ಬಂದೆ. ಎಂಟು ಮಹಡಿ ಎದ್ದಿದೆ.

ಕಡ್ಡಿ ನನಗೂ ಹೆಂಡತಿಗೂ ಹೆಲ್ಮೆಟ್ ಹಾಕಿಸಿ ಎಂಟನೆಯ ಮಹಡಿಗೆ ಕರೆದುಕೊಂಡು ಹೋದಳು. ಹೊರಗೋಡೆ ಇಲ್ಲ, ಕಿಟಕಿ ಇಲ್ಲ, ಬಯಲು ನೆಲ, ಅಂಚಿಗೆ ಕಂಬಗಳು. ಕಂಬದ ಮೇಲೆ ಕೈಯಿಟ್ಟೆ. ಬಿಸಿಲಿಗೆ ಬೆಚ್ಚಗಿತ್ತು. ಇಷ್ಟು ವರ್ಷ ಉಕ್ಕು ತಣ್ಣಗಿರುತ್ತದೆ ಎಂದುಕೊಂಡಿದ್ದೆ. ಹೆಂಡತಿ ಬಟ್ಟೆ ಒಣಗಿಸಲು ಜಾಗ ನೋಡುತ್ತಾ ಆ ಕಡೆ ಹೋದಳು.

"ಬಿಡು ನಿನ್ನ ಗೋಲಿ," ಎಂದಳು ಕಡ್ಡಿ.

ಕಂಬದ ಬುಡದಲ್ಲಿ ಇಟ್ಟೆ. ಒಂದು ಕ್ಷಣ ನಿಂತಿತು. ಆಮೇಲೆ ಮೆಲ್ಲಗೆ, ಮನಸ್ಸಿಲ್ಲದವನ ಹಾಗೆ, ನಡುಗೋಡೆಯ ಕಡೆಗೆ ಉರುಳಿತು.

"ನೆಲ ಡೊಂಕು," ಎಂದೆ.

"ಹೂಂ. ಈಗ ಡೊಂಕೇ ಇರ್ಬೇಕು. ನಾಲ್ಕು ತುಂಡು ಬಂದಿದೆ, ಎಂಟು ಮಿಲಿಮೀಟರ್ ಎತ್ತರ ಇದೆ ಹೊರಗಡೆ. ಮೇಲೆ ಮೂವತ್ತು ಮಹಡಿ ಹೊರೆ ಬೀಳಲಿ, ಆಗ ನೇರ ಆಗುತ್ತೆ."

"ಗೊತ್ತು," ಎಂದೆ. ಗೊತ್ತಿತ್ತು. ಆದರೂ ಅವಳ ಬಾಯಿಂದ ಕೇಳಬೇಕು ಎನ್ನಿಸಿತ್ತು.

ಅವಳು ಹೋಗಿ ಗೋಡೆಯ ಬುಡದಲ್ಲಿ ಗೋಲಿ ಎತ್ತಿಕೊಂಡಳು. ಬೆಳಕಿಗೆ ಹಿಡಿದು ಒಳಗಿನ ಬಿಳಿ ಎಳೆ ನೋಡಿದಳು. ತನ್ನ ಜೇಬಿಗೆ ಹಾಕಿಕೊಂಡಳು. "ಐವತ್ತು ವರ್ಷ ಇಟ್ಕೊಂಡಿದ್ದು ಸಾಕು," ಎಂದಳು. ನಾನು ಅಂಗಡಿಯ ಮಾತು ಎತ್ತಲಿಲ್ಲ.

ಕೆಳಗೆ ಬರುವಾಗ ಕೆಲಸದವರ ಲಿಫ್ಟಿನಲ್ಲಿ, ನನ್ನ ಕಡೆ ನೋಡದೆ, "ದಾರ ಇದೆಯಾ?" ಎಂದಳು.

"ಯಾವ ದಾರ?"

ಅವಳು ಮತ್ತೆ ಕೇಳಲಿಲ್ಲ. ಪೆನ್ಸಿಲು ಎತ್ತಲು ಬಗ್ಗಿದ ದಿನವೇ ಅವಳು ನೋಡಿದ್ದಾಳೆ.

ದಾರ ಇದೆ, ಈ ಪುಸ್ತಕದಲ್ಲೇ, ಪುಟದ ಗುರುತಿಗೆ ಇಟ್ಟಿದ್ದೇನೆ. ಅವಳ ಗಂಟನ್ನು ಹಾಕಲು ಎಷ್ಟೋ ಸಲ ಪ್ರಯತ್ನಿಸಿದೆ, ರೆಕ್ಕೆ ಬರುತ್ತದೆ, ನಡುವಿನ ಪುಟ್ಟದು ಬರುವುದಿಲ್ಲ. ಡಿಯ ಅಂಚಿನಲ್ಲಿ ಅವಳು ಪೆನ್ಸಿಲಿನಿಂದ ಬರೆದದ್ದೂ ಬಾಯಿಪಾಠವಾಗಿದೆ: 'ಅಣ್ಣ, ನಿನ್ನ ಗೋಡೆ ತೆಳ್ಳಗೆ ಮಾಡಿದೀನಿ, ಕೋಪ ಮಾಡ್ಕೋಬೇಡ. ನೀನು ನೋಡಿ ಸರಿ ಅಂದ್ರೆ ಮಾತ್ರ ನಂಗೆ ಧೈರ್ಯ.'

ದೊಡ್ಡವರಿಗೆ ಹಳೇ ಡ್ರಾಯಿಂಗಿನ ಮೇಲೆ ಲೆಕ್ಕ ಹಾಕಿದೆ ಎಂದೆ, ಯಾಕೆ ಎಂದು ಹೇಳಲಿಲ್ಲ. ಹೆಂಡತಿಗೆ ಮರೆವು ಎಂದೆ. ಇಲ್ಲಿಯೂ ಮರೆವು ಎಂದೇ ಬರೆದೆ. ಮರೆಯಬೇಕಾದರೆ ಮೊದಲು ನೋಡಿರಬೇಕು. ಮಾರ್ಚ್ ಹನ್ನೊಂದರಂದು ನಾನು ಡಿ ನೋಡಿರಲಿಲ್ಲ. ತಂದಿಟ್ಟ ದಿನದಿಂದ ಮೀಟಿಂಗಿನ ಬೆಳಿಗ್ಗೆಯವರೆಗೆ, ಹದಿನೇಳು ದಿನ, ಗಂಟು ಬಿಚ್ಚದೆ ಅದರ ಮೇಲೆ ಕಾಲಿಟ್ಟುಕೊಂಡು ಕೂತಿದ್ದೆ. ಇದು ಮಾತ್ರ ನಾನು ನಿಜವಾಗಿ ಮಾಡಿದ್ದು.